ಬ್ಯಾಟರಿ ಹೊಸದು, ಆದರೂ ಬೆಳಿಗ್ಗೆ ಸೆಲ್ಫ್ ಎಳೆಯಲ್ಲ: ಆಲ್ಟರ್ನೇಟರ್ ಹೋಗಿದೆಯಾ?

ಪ್ರಶ್ನೆ: ಸರ್, ಹಳೆಯ ಡೀಸೆಲ್ ಜೀಪು. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬೆನ್ನಿಗೇ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರುವ ಮಾದರಿ. ಹೊಸ ಬ್ಯಾಟರಿ ಹಾಕಿದರೂ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಡೌನ್. ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟು ಗಾಡಿ ಓಡುವಾಗಲೂ ಮಂದವಾಗಿ ಉರಿಯುತ್ತೆ. ಎಂಜಿನ್ ಚಾಲೂ ಇರುವಾಗ ಬ್ಯಾಟರಿ ವೈರ್ ಕಳಚಿ ನೋಡಿ ಅಂತಾರೆ. ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಕಳಚಿದ ಕ್ಷಣ ವೋಲ್ಟೇಜ್ ಜಿಗಿದು, ಚೆನ್ನಾಗಿರುವ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ರೆಗ್ಯುಲೇಟರ್ (ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ಕೂಡ ಸುಡಬಹುದು. ಒಂದು ಮಲ್ಟಿಮೀಟರ್ ಸಾಕು. ಮೊದಲು ಬೆಲ್ಟ್ ಸಡಿಲವಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.4 ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದರೂ 13.5ಕ್ಕಿಂತ ಕೆಳಗಿಳಿಯಬಾರದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ.

ಕಡಿಮೆ ಬಂದರೂ ತಕ್ಷಣ ಬಿಚ್ಚಬೇಡಿ. ಲೈಟ್ ಹಾಕಿ, ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಬ್ಯಾಟರಿ ಪ್ಲಸ್‌ಗೂ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ವ್ಯತ್ಯಾಸವಿದ್ದರೆ ಥಿಂಬಲ್ (ವೈರಿನ ತುದಿಯ ಲೋಹದ ಕೊಂಡಿ) ಕಿಲುಬು ಹಿಡಿದಿದೆ, ತಪ್ಪು ಆಲ್ಟರ್ನೇಟರಿನದ್ದಲ್ಲ. ಅರ್ತ್ ವೈರನ್ನೂ ಹೀಗೇ ನೋಡಿ. ಹಳೇ ಗಾಡಿಗಳಲ್ಲಿ ಇದೇ ಹೆಚ್ಚು.

ನೀವು ಹೇಳಿದ ಮಂದ ಬೆಳಕು ಮಾತ್ರ ಡಯೋಡ್ ಕಡೆ ಬೆರಳು ತೋರಿಸುತ್ತೆ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಪ್ಲೇಟ್ ಹೋಗಿದೆ. ಕೆಟ್ಟ ಡಯೋಡ್ ಗಾಡಿ ನಿಂತಾಗಲೂ ಕರೆಂಟನ್ನು ಹಿಂದಕ್ಕೆ ಬಿಡುತ್ತೆ. ಹೊಸ ಬ್ಯಾಟರಿ ರಾತ್ರೋರಾತ್ರಿ ಇಳಿಯುವುದಕ್ಕೆ ಅದೇ ಕಾರಣ ಇರಬಹುದು.

ಪ್ರಶ್ನೆ: ಎಸಿಯಲ್ಲಿ 0.9 ಬಂತು ಸರ್. ಬಿಚ್ಚಿದರೆ ಒಳಗೆ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತುಂಡು) ಮೇಲೆಲ್ಲ ಎಂಜಿನ್ ಆಯಿಲ್. ಹೊಸದು ಕೂರಿಸಿದರೆ ಆಯ್ತಲ್ವಾ?

ಇನ್ನೊಬ್ಬರ ಉತ್ತರ: ಆಯಿಲ್ ಬಂದ ದಾರಿ ಮುಚ್ಚದಿದ್ದರೆ ಹೊಸದಕ್ಕೂ ಅದೇ ಗತಿ. ವ್ಯಾಕ್ಯೂಮ್ ಪಂಪಿನಿಂದ ಸಂಪಿಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲ್ ವಾಪಸ್ ಹೋಗುವ ಪೈಪ್ ಮಡಚಿದ್ದರೆ ಅಥವಾ ಒಳಗೆ ಊದಿಕೊಂಡಿದ್ದರೆ ಒತ್ತಡ ಹೆಚ್ಚಿ ಆಯಿಲ್ ಸೀಲ್ ದಾಟುತ್ತೆ. ಆ ಪೈಪ್ ಬದಲಿಸಿ, ಸೀಲ್ ಹೊಸದೇ ಹಾಕಿ.

ಕೆಲಸಕ್ಕೆ ಮೊದಲು ಬ್ಯಾಟರಿ ಮೈನಸ್ ಕಳಚಿ. ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತೆ. ಕೂರಿಸುವ ಮುನ್ನ ಪಂಪಿನ ಆಯಿಲ್ ಬಾಯಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಒಣಗಿದ್ದರೆ ಪಂಪಿನೊಳಗೆ ತಿರುಗುವ ವೇನ್ (ರೆಕ್ಕೆ) ಸವೆಯುತ್ತೆ. ಬೆಲ್ಟನ್ನು ನಡುವೆ ಹೆಬ್ಬೆರಳಿಂದ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗುವಷ್ಟು ಬಿಗಿ ಸಾಕು, ಜಾಸ್ತಿಯಾದರೆ ಬೇರಿಂಗ್ ಹೋಗುತ್ತೆ. ಇಳಿದ ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿಯೇ ಹಾಕಿ.

ಬ್ರೇಕ್ ಬೂಸ್ಟರಿಗೆ (ಬ್ರೇಕ್ ಒತ್ತಲು ಬಲ ಸೇರಿಸುವ ಭಾಗ) ವ್ಯಾಕ್ಯೂಮ್ ಕೊಡೋದು ಇದೇ ಪಂಪ್, ಮರೀಬೇಡಿ. ಎಂಜಿನ್ ಆಫ್ ಇಟ್ಟು ಪೆಡಲ್ ಗಟ್ಟಿಯಾಗುವವರೆಗೂ ತುಳಿಯಿರಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ರಸ್ತೆಗೆ ತೆಗೀಬೇಡಿ.