ಅಘನಾಶಿನಿ ದಡ ಕಡಿದು ದೋಣಿಗೆ ದಾರಿ ಮಾಡಬಹುದಾ?

ಹೊಳೆಸಾಲು:
ಕುಮಟಾ ತಾಲೂಕಿನಲ್ಲಿ ಹೊಳೆಗೆ ತಾಗಿ ನಮ್ಮ ತೋಟ ಇದೆ. ದಡ ಆಳೆತ್ತರ. ಅಪ್ಪನಿಗೆ ಮೊಣಕಾಲು ನೋವು, ದೋಣಿಗೆ ಇಳಿಯುವುದೇ ಕಷ್ಟ. ಹಿಟಾಚಿ ತರಿಸಿ ಹನ್ನೆರಡು ಅಡಿ ಅಗಲಕ್ಕೆ ಇಳಿಜಾರು ಕಡಿಸಿದರೆ ದೋಣಿಯನ್ನೂ ಮೇಲಕ್ಕೆ ಎಳೆದು ಇಡಬಹುದು ಅಂತ ಯೋಚನೆ. ಅಂಚಿನಲ್ಲಿ ಏಳೆಂಟು ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇವೆ, ಅವನ್ನು ತೆಗೆಯಬೇಕಾಗುತ್ತದೆ. ನಮ್ಮದೇ ಜಾಗ ಅಲ್ವಾ, ಪರವಾನಗಿ ಬೇಕಾ? ಮಳೆಗಾಲಕ್ಕೆ ಮುಂಚೆ ಮುಗಿಸಬೇಕು.

ಗಜನಿಮನೆ:
ದಯವಿಟ್ಟು ಹಿಟಾಚಿ ತರಿಸಬೇಡಿ. ನಾವು ಇದನ್ನೇ ಮಾಡಿ ಅನುಭವಿಸಿದ್ದೇವೆ. ಮೊದಲ ಬೇಸಿಗೆ ಚೆನ್ನಾಗಿಯೇ ಇತ್ತು, ಆದರೆ ಮಳೆಗಾಲದ ನೆರೆಗೆ ಇಳಿಜಾರಿನ ಎರಡೂ ಬದಿಯ ಮಣ್ಣು ಕುಸಿಯಿತು, ಹನ್ನೆರಡು ಅಡಿ ಕಡಿಸಿದ್ದು ಮೂವತ್ತು ಅಡಿ ಆಯಿತು, ಎರಡು ತೆಂಗಿನ ಮರ ಹೊಳೆಗೆ ಹೋದವು. ಆಮೇಲೆ ಹುಣ್ಣಿಮೆ, ಅಮಾವಾಸ್ಯೆಯ ಭರತದ (ಉಬ್ಬರದ) ನೀರು ಅದೇ ದಾರಿಯಲ್ಲಿ ತೋಟಕ್ಕೆ ನುಗ್ಗತೊಡಗಿತು. ಈಗ ಏಪ್ರಿಲ್ ಬಂದರೆ ಬಾವಿ ನೀರು ಉಪ್ಪು. ಅಮ್ಮ ಪಕ್ಕದ ಮನೆಯಿಂದ ಕೊಡ ಹೊರುತ್ತಾರೆ. ಕಾಂಡ್ಲಾ ಬೇರು ಹಿಡಿದಿರುವುದರಿಂದಲೇ ನಿಮ್ಮ ದಡ ನಿಂತಿದೆ.

ಕಡವು:
ಜಾಗ ನಿಮ್ಮದಾದರೂ ಪರವಾನಗಿ ಬೇಕು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಸಮುದ್ರಕ್ಕೆ ಮಾತ್ರ ಅಂತ ಸುಮಾರು ಜನ ತಿಳಿದಿದ್ದಾರೆ, ಉಬ್ಬರ-ಇಳಿತ ಇರುವ ಹೊಳೆಗೂ ಅನ್ವಯಿಸುತ್ತದೆ. 2019ರ ಅಧಿಸೂಚನೆಯಂತೆ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಅದರೊಳಗೆ ಬರುತ್ತದೆ. ಕಾಂಡ್ಲಾ ಇರುವ ಕಡೆ ನಿಯಮ ಇನ್ನೂ ಬಿಗಿ. ಮೇಲಾಗಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ, ಸರ್ವೆ ನಕ್ಷೆ ಹಿಡಿದುಕೊಂಡು ಅಲ್ಲಿಗೆ ಹೋಗಿ ಮೊದಲು ಕೇಳಿ.

ದೋಣಿಮನೆ:
ಅಪ್ಪನಿಗೆ ಬೇಕಿರುವುದು ಮೆಟ್ಟಿಲು, ಇಳಿಜಾರಲ್ಲ. ಇಳಿಜಾರಿಗೆ ಪಾಚಿ ಕಟ್ಟಿದರೆ ಮೊಣಕಾಲು ನೋವಿನವರು ಜಾರುವುದು ಗ್ಯಾರಂಟಿ. ಅಮಾವಾಸ್ಯೆ ದಿನ ನೀರು ಎಲ್ಲಿವರೆಗೆ ಏರುತ್ತದೋ ಅಲ್ಲೊಂದು ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಕಾಂಡ್ಲಾ ಇಲ್ಲದ ಕಡೆ ನೋಡಿ ಮೂರಡಿ ಅಗಲದ ಮರದ ಮೆಟ್ಟಿಲು, ಒಂದು ಬದಿ ಹಿಡಿಕೆ, ಮಳೆಗಾಲಕ್ಕೆ ಬಿಚ್ಚಿ ಇಡುವ ಹಾಗಿರಲಿ. ಇದನ್ನೂ ಆ ಕಚೇರಿಯಲ್ಲಿ ತೋರಿಸಿಯೇ ಮಾಡಿ. ದೋಣಿ ಎಳೆಯಲು ಊರಿನ ದಕ್ಕೆ ಇಲ್ಲವಾ?

ಹೊಳೆಸಾಲು:
ದಕ್ಕೆ ಅರ್ಧ ಕಿಲೋಮೀಟರ್ ದೂರ ಇದೆ, ದೋಣಿ ಅಲ್ಲೇ ಇಡುತ್ತೇವೆ. ಹಿಟಾಚಿಯವರಿಗೆ ಬರಬೇಡಿ ಅಂತ ಈಗಷ್ಟೇ ಫೋನ್ ಮಾಡಿದೆ. ಗಜನಿಮನೆಯವರೇ, ನಿಮ್ಮ ಬಾವಿ ಹೊಳೆಯಿಂದ ಎಷ್ಟು ದೂರ? ನಮ್ಮದು ಅರವತ್ತು ಅಡಿ ಅಷ್ಟೇ.