1993ರ ಮಿಯಾಟಾ 1.6: ಐದನೇ ಗೇರಲ್ಲಿ ಒತ್ತಿದರೆ ಮುಗ್ಗರಿಸುತ್ತೆ, ಗೇರ್‌ಬಾಕ್ಸ್ ಹತ್ತಿರ ಆಯಿಲ್ ತೊಟ್ಟಿಕ್ಕುತ್ತೆ

ರೋಡ್‌ಸ್ಟರ್_93

ಗಾಡಿ 1993ರ ಮಾಜ್ಡಾ ಎಂಎಕ್ಸ್-5 (ಅದೇ ಮಿಯಾಟಾ), ಅಮೆರಿಕದ ಮಾಡೆಲ್, 1.6 ಎಂಜಿನ್, 1,18,000 ಮೈಲಿ ಓಡಿದೆ. ಐಡಲ್ (ನಿಂತಲ್ಲೇ ಓಡುವ ವೇಗ) 850 ಆರ್‌ಪಿಎಂನಲ್ಲಿ ಅಲುಗಾಡದೆ ನಿಲ್ಲುತ್ತೆ, ಮೆಲ್ಲಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ನಾಲ್ಕು ಅಥವಾ ಐದನೇ ಗೇರಲ್ಲಿ 2500 ಆರ್‌ಪಿಎಂನಿಂದ ಪೂರ್ತಿ ಒತ್ತಿದರೆ ಮಾತ್ರ ಎರಡು ಮೂರು ಸಲ ಜಗ್ಗುತ್ತೆ, ಆಮೇಲೆ ಎಳೆಯುತ್ತೆ. ಮಂಜು ಬಿದ್ದ ಬೆಳಗ್ಗೆ ಇನ್ನೂ ಜೋರು. ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹೊಸವು, ವ್ಯತ್ಯಾಸ ಆಗಿಲ್ಲ.

ಇನ್ನೊಂದು: ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ರಾತ್ರಿ ಕಳೆಯೋದರೊಳಗೆ ನಾಣ್ಯದಗಲ ಎಂಜಿನ್ ಆಯಿಲ್. ಗ್ಯಾರೇಜಿನವರು ರಿಯರ್ ಮೇನ್ ಸೀಲ್ (ಕ್ರ್ಯಾಂಕಿನ ಹಿಂತುದಿಯ ಆಯಿಲ್ ಸೀಲ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ಮಲ್ಟಿಮೀಟರ್, ಟೈಮಿಂಗ್ ಲೈಟ್ (ಕಿಡಿ ಹಾರುವ ಹೊತ್ತು ನೋಡೋ ದೀಪ), ಟಾರ್ಕ್ ರೆಂಚ್ ಇವೆ. ಎಲ್ಲಿಂದ ಶುರು ಮಾಡಲಿ? ಜಗ್ಗೋದಕ್ಕೆ ಏರ್‌ಫ್ಲೋ ಮೀಟರ್ (ಒಳಬರುವ ಗಾಳಿ ಅಳೆಯುವ ಭಾಗ) ಬದಲಿಸಿ ಅಂತ ಒಬ್ಬರು, ಕಾಯಿಲ್ (ಕಿಡಿಗೆ ವೋಲ್ಟೇಜ್ ಕೊಡುವ ಭಾಗ) ಅಂತ ಇನ್ನೊಬ್ಬರು.

ಹಳೇ_ಸ್ಪ್ಯಾನರ್

ಎರಡನ್ನೂ ಕೊಳ್ಳಬೇಡಿ. ನೀವು ಹೇಳಿದ ಲಕ್ಷಣ ಈ ಕಾರಲ್ಲಿ ಹತ್ತಕ್ಕೆ ಒಂಬತ್ತು ಸಲ ಪ್ಲಗ್ ವೈರಿಂದೇ, ಅಂದರೆ ಕಾಯಿಲಿನಿಂದ ಸ್ಪಾರ್ಕ್ ಪ್ಲಗ್‌ಗೆ ಹೋಗುವ ವೈರಿಂದು. ಐಡಲ್‌ನಲ್ಲಿ ಸಿಲಿಂಡರ್ ಒಳಗೆ ಗಾಳಿ ಕಡಿಮೆ, ಕಿಡಿ ಹಾರೋಕೆ ಕಡಿಮೆ ವೋಲ್ಟೇಜ್ ಸಾಕು. ಎತ್ತರದ ಗೇರಲ್ಲಿ ಪೂರ್ತಿ ಒತ್ತಿದಾಗ ಒಳಗಿನ ಒತ್ತಡ ಏರುತ್ತೆ, ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತೆ. ಆಗ ವೈರಿನ ಬಿರುಕು ಬಿಟ್ಟ ರಬ್ಬರಿನಿಂದ ಹೆಡ್‌ಗೆ (ಎಂಜಿನ್ನಿನ ಲೋಹದ ಮೇಲ್ಭಾಗ) ಹಾರೋದು ಕಿಡಿಗೆ ಸುಲಭದ ದಾರಿ. ಮಂಜಿನಲ್ಲಿ ಜೋರಾಗುತ್ತೆ ಅಂದಿರಲ್ಲ, ಅದೇ ದೊಡ್ಡ ಸುಳಿವು.

ಕತ್ತಲಲ್ಲಿ ಎಂಜಿನ್ ಓಡಿಸಿ ಬಾನೆಟ್ ಎತ್ತಿ, ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ತುಂತುರಿಸಿ. ಕೈ ಹಾಕಬೇಡಿ, ನೋಡಿ ಅಷ್ಟೆ. ನೀಲಿ ಮಿಣುಕು ಕಂಡರೆ ಅಲ್ಲಿಗೆ ಮುಗೀತು. ಕಾಣದಿದ್ದರೂ ವೈರ್ ನಿರಪರಾಧಿ ಅಂತಲ್ಲ, ಲೋಡ್ ಇಲ್ಲದಾಗ ಸೋರದೇ ಇರಬಹುದು. ಎಂಜಿನ್ ಆರಿಸಿ, ಒಂದೊಂದನ್ನೇ ಬಿಚ್ಚಿ ಓಮ್ ಅಳೆಯಿರಿ. ಮೀಟರಿಗೆ ಸುಮಾರು 16 ಕಿಲೋಓಮ್ ಲೆಕ್ಕ. ಕಾಯಿಲ್ ಹೆಡ್ ಹಿಂದೆ ಇರೋದರಿಂದ ಒಂದನೇ ಸಿಲಿಂಡರಿನ ವೈರ್ ಎಲ್ಲಕ್ಕಿಂತ ಉದ್ದ, ಅದರ ಓದೇ ಹೆಚ್ಚು ಬರಬೇಕು. ಗಿಡ್ಡ ವೈರ್ ಅದನ್ನು ಮೀರಿಸಿದರೆ ಕೆಟ್ಟಿದೆ. ಬಿಚ್ಚೋ ಮುಂಚೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ವೈರ್ ಹಿಡಿದು ಎಳೀಬೇಡಿ, ತುದಿಯ ರಬ್ಬರ್ ಬೂಟ್ ತಿರುಗಿಸಿ ಎತ್ತಿ.

ಕಾಯಿಲನ್ನೂ ಅಳೆದುಬಿಡಿ: ಪ್ರೈಮರಿ (ಬ್ಯಾಟರಿ ಕಡೆಯ ಸುರುಳಿ) ಒಂದು ಓಮಿಗಿಂತ ಸ್ವಲ್ಪ ಕಡಿಮೆ, ಸೆಕೆಂಡರಿ (ಪ್ಲಗ್ ಕಡೆಯದು) ಸುಮಾರು 11ರಿಂದ 15 ಕಿಲೋಓಮ್. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಕಾಯಿಲ್ ಪೂರ್ತಿ ಸತ್ತರೆ ಎರಡು ಸಿಲಿಂಡರ್ ಒಟ್ಟಿಗೇ ಹೋಗುತ್ತವೆ, ನಿಮ್ಮ ಐಡಲ್ ಹೀಗೆ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ದೋಷದ ಕೋಡ್ ಓದೋಕೆ ಬ್ಲೂಟೂತ್ ಸ್ಕ್ಯಾನರ್ ಕೊಂಡಿದ್ದರೆ ವಾಪಸ್ ಮಾಡಿ. ಅದಕ್ಕೆ ಬೇಕಾದ ಓಬಿಡಿ-2 ವ್ಯವಸ್ಥೆ ಬಂದದ್ದು 1996ರಲ್ಲಿ.

ಬೆಲ್ಟ್‌ಪುಲ್ಲಿ

ಶಾರ್ಟ್‌ನೋಸ್ ಕ್ರ್ಯಾಂಕ್ (ಮುಂತುದಿ ಗಿಡ್ಡ ಇರುವ ಕ್ರ್ಯಾಂಕ್) ನೋಡಿದಿರಾ? ಪುಲ್ಲಿಯ ಕೀಲಿ ಕೂರುವ ಕೀವೇ ಸವೆದರೆ ಟೈಮಿಂಗ್ ಅಲೆದಾಡುತ್ತೆ, ಗಾಡಿ ಎಳೆಯಲ್ಲ.

ಹಳೇ_ಸ್ಪ್ಯಾನರ್

ಅದು 1990ರ ಮತ್ತು 1991ರ ಮೊದಮೊದಲ ಕಾರುಗಳ ಕಾಯಿಲೆ, 93ಕ್ಕೆ ಅಂಟಲ್ಲ. ಎಂಜಿನ್ ಬದಲಾಗಿರಬಹುದು ಅನ್ನೋ ಅನುಮಾನ ಇದ್ದರೆ ಕ್ರ್ಯಾಂಕ್ ಪುಲ್ಲಿಯ ಮುಖದ ಸೀಳು ಎಣಿಸಿ: ನಾಲ್ಕಿದ್ದರೆ ಶಾರ್ಟ್‌ನೋಸ್, ಎಂಟಿದ್ದರೆ ನಿಶ್ಚಿಂತೆ.

ಆಯಿಲ್_ಪತ್ತೇದಾರ

ನಾನು ಆಯಿಲ್ ವಿಷಯಕ್ಕೆ ಮಾತ್ರ ಬರ್ತೀನಿ. ರಿಯರ್ ಮೇನ್ ಸೀಲ್ ಅಂತ ಗೇರ್‌ಬಾಕ್ಸ್ ಇಳಿಸಿದ ಮೇಲೂ ಸೋರೋ ಮಿಯಾಟಾಗಳು ಎಷ್ಟೋ. ಹೆಡ್‌ನ ಹಿಂತುದಿಯಲ್ಲಿ, ಫೈರ್‌ವಾಲ್‌ಗೆ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮುಖ ಮಾಡಿ ಕ್ಯಾಮ್ ಆಂಗಲ್ ಸೆನ್ಸರ್ ಇದೆ, ಕ್ಯಾಮ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳೋದು ಅದೇ. ಅದರ ಓ-ರಿಂಗ್ ವರ್ಷಗಳ ಶಾಖಕ್ಕೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ ಚಪ್ಪಟೆಯಾಗುತ್ತೆ. ಆಯಿಲ್ ಹೆಡ್ ಹಿಂದಿನಿಂದ ಇಳಿದು ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಕವಚ) ಮೇಲೆ ಹರಿದು, ಸೀಲ್ ಸೋರುವ ಜಾಗದಿಂದಲೇ ತೊಟ್ಟಿಕ್ಕುತ್ತೆ. ಕೆಳಗಿನಿಂದ ನೋಡಿದವರಿಗೆ ಎರಡೂ ಒಂದೇ.

ಬ್ರೇಕ್ ಕ್ಲೀನರ್‌ನಿಂದ ಹೆಡ್ ಹಿಂಭಾಗ, ಬೆಲ್‌ಹೌಸಿಂಗ್ ಎಲ್ಲ ತೊಳೆದು ಒಣಗಿಸಿ. ಅರ್ಧ ಗಂಟೆ ಓಡಿಸಿ ಬಂದು ಉದ್ದ ಹಿಡಿಯ ಕನ್ನಡಿ, ಟಾರ್ಚ್ ಹಿಡಿದು ಮೇಲಿನಿಂದ ನೋಡಿ. ಸೆನ್ಸರಿನ ಬುಡ ಒದ್ದೆಯಾಗಿದ್ದರೆ ಗೇರ್‌ಬಾಕ್ಸ್ ಮುಟ್ಟಬೇಡಿ. ಕೆಳಗೇ ಹೀಟರ್ ಹೋಸ್‌ಗಳಿವೆ, ಆಯಿಲ್ ಕುಡಿದು ಊದಿ ಮೆತ್ತಗಾಗಿದ್ದರೆ ಅವನ್ನೂ ಬದಲಿಸಿ. ಹೋಸ್ ದಾರಿಯಲ್ಲಿ ಒಡೆದರೆ ಕೂಲೆಂಟ್ ಹೋಗಿ ಹೆಡ್ಡೇ ಹೋಗುತ್ತೆ.

ಸೆನ್ಸರಿನ ಮೈ ಮತ್ತು ಹೆಡ್ ಎರಡರ ಮೇಲೂ ಹಾಯುವ ಹಾಗೆ ಒಂದು ಗೀರು ಎಳೆಯಿರಿ. ಕನೆಕ್ಟರ್ ಬಿಚ್ಚಿ, 12 ಎಂಎಂ ಬೋಲ್ಟ್ ಒಂದೇ, ತೆಗೆದು ಸೆನ್ಸರನ್ನು ಅತ್ತಿತ್ತ ತಿರುಗಿಸುತ್ತಾ ಹಿಂದಕ್ಕೆ ಎಳೆಯಿರಿ. ಜಾಗ ಸಾಲದಿದ್ದರೆ ಮೊದಲು ಕಾಯಿಲ್ ಪ್ಯಾಕ್ ಬಿಚ್ಚಿಡಿ. ಹೊರಗಿರುವಾಗ ಕ್ರ್ಯಾಂಕ್ ತಿರುಗಿಸಬಾರದು. ಹಳೇ ಓ-ರಿಂಗನ್ನು ಮರದ ಕಡ್ಡಿಯಿಂದ ತೆಗೆಯಿರಿ, ಸ್ಕ್ರೂಡ್ರೈವರ್ ತೋಡಿಗೆ ಗೀರು ಹಾಕುತ್ತೆ. ಹೊಸದಕ್ಕೆ ಆಯಿಲ್ ಸವರಿ ಕೂರಿಸಿ, ತುದಿಯ ನಾಲಗೆ ಕ್ಯಾಮಿನ ಸೀಳಿನೊಳಗೆ ತಾನಾಗಿ ಕೂತ ಮೇಲೆ ಗೀರಿಗೆ ಗೀರು ಹೊಂದಿಸಿ. ಸುತ್ತಿಗೆಯ ಕೆಲಸ ಇಲ್ಲಿಲ್ಲ.

ರೋಡ್‌ಸ್ಟರ್_93

ಅಳತೆ ಆಯ್ತು. ಒಂದನೇ ವೈರ್ 9 ಕಿಲೋಓಮ್, ಎರಡು ಮತ್ತು ನಾಲ್ಕು ಅದಕ್ಕಿಂತ ಕಡಿಮೆ. ಮೂರನೆಯದು 41! ಅದರ ಬೂಟ್ ಆಯಿಲ್‌ನಲ್ಲಿ ನೆನೆದು ಊದಿದೆ, ಆ ಪ್ಲಗ್ ಗುಂಡಿಯಲ್ಲಿ ಒಂದು ಬೆರಳಷ್ಟು ಆಯಿಲ್ ನಿಂತಿದೆ. ಕಾಯಿಲ್ ಸರಿ ಇದೆ. ಕನ್ನಡಿಯಲ್ಲಿ ಸೆನ್ಸರ್ ಬುಡ ಒದ್ದೆ ಕಂಡಿತು. ಹೊಸ ವೈರ್ ಹಾಕಿಬಿಡಲೇ?

ಹಳೇ_ಸ್ಪ್ಯಾನರ್

ಈಗಲೇ ಹಾಕಿದರೆ ಹೊಸ ಬೂಟೂ ಆಯಿಲ್ ಕುಡಿಯುತ್ತೆ. ಮೊದಲು ವಾಲ್ವ್ ಕವರ್ (ಹೆಡ್ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಬದಲಿಸಿ, ಗುಂಡಿಗೆ ಆಯಿಲ್ ಬರೋದು ಅಲ್ಲಿಂದ.

ಆ ಗುಂಡಿಯಲ್ಲಿ ಆಯಿಲ್ ಇರುವಾಗ ಪ್ಲಗ್ ಬಿಚ್ಚಬೇಡಿ, ಅಷ್ಟೂ ಸಿಲಿಂಡರಿಗೆ ಇಳಿಯುತ್ತೆ. ಕಡ್ಡಿಗೆ ಬಟ್ಟೆ ಸುತ್ತಿ ಹೀರಿಸಿ. ಕವರ್ ಮೇಲಿನ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಅನಿಲ ಹೊರಬಿಡುವ ಕವಾಟ) ಕಿತ್ತು ಅಲ್ಲಾಡಿಸಿ, ಗಲಗಲ ಅನ್ನಬೇಕು. ಅನ್ನದಿದ್ದರೆ ಕಟ್ಟಿಕೊಂಡಿದೆ, ಒಳಗಿನ ಒತ್ತಡವೇ ಆಯಿಲನ್ನು ಸೀಲುಗಳಿಂದ ಆಚೆ ನೂಕುತ್ತಿರುತ್ತೆ, ಹೊಸ ಗ್ಯಾಸ್ಕೆಟ್ಟೂ ಬಾಳಲ್ಲ.

ಎಂಜಿನ್ ತಣ್ಣಗಿರುವಾಗ ಕವರ್ ಎತ್ತಿ, ಎರಡೂ ಮುಖ ಚೊಕ್ಕ ಮಾಡಿ. ಮುಂದಿನ ಕ್ಯಾಮ್ ಕ್ಯಾಪ್‌ಗಳು ಮತ್ತು ಹಿಂದೆ ಸೆನ್ಸರ್ ಇರುವ ಕಡೆಯ ಕ್ಯಾಪ್, ಇವು ಹೆಡ್‌ಗೆ ಸೇರುವ ಮೂಲೆಗಳಲ್ಲಿ ಮಾತ್ರ ಸಿಲಿಕೋನ್ ಸೀಲೆಂಟಿನ ಚಿಕ್ಕ ಚುಕ್ಕೆ. ಸುತ್ತಲೂ ಬಳಿದರೆ ಹೆಚ್ಚಾದದ್ದು ಕಿತ್ತು ಆಯಿಲ್ ದಾರಿಗೆ ಬೀಳುತ್ತೆ. ಬೋಲ್ಟುಗಳು ಬರೀ 5ರಿಂದ 9 ನ್ಯೂಟನ್ ಮೀಟರ್, ಮಧ್ಯದಿಂದ ಹೊರಕ್ಕೆ ಎರಡು ಸುತ್ತಿನಲ್ಲಿ. ದೊಡ್ಡ ರೆಂಚ್ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತೆ.

ಕವರ್ ಬಿಚ್ಚಿದ ದಿನವೇ ಸೆನ್ಸರ್ ಓ-ರಿಂಗನ್ನೂ ಮುಗಿಸಿ. ಆಮೇಲೆ ಎನ್‌ಜಿಕೆ ಬಿಕೆಆರ್6ಇ-11 ಪ್ಲಗ್ ನಾಲ್ಕು, ಗ್ಯಾಪ್ 1.1 ಎಂಎಂ, 15ರಿಂದ 23 ನ್ಯೂಟನ್ ಮೀಟರ್. ಕಡೆಯಲ್ಲಿ ವೈರ್ ಸೆಟ್, ಬೂಟಿನ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ.

ಆಯಿಲ್_ಪತ್ತೇದಾರ

ಸೆನ್ಸರ್ ಅಲುಗಿಸಿದ ಮೇಲೆ ಟೈಮಿಂಗ್ ನೋಡಲೇಬೇಕು, ಗೀರನ್ನು ಪೂರ್ತಿ ನಂಬಬೇಡಿ. ಎಂಜಿನ್ ಬಿಸಿಯಾಗಲಿ. ಮುಚ್ಚಳದ ಮೇಲೆ ಡಯಾಗ್ನೋಸಿಸ್ ಅಂತ ಬರೆದಿರೋ ಕಪ್ಪು ಡಬ್ಬಿಯಲ್ಲಿ ಟಿಇಎನ್, ಜಿಎನ್‌ಡಿ ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿ. ಸೇರಿಸದಿದ್ದರೆ ಕಂಪ್ಯೂಟರ್ ತನ್ನಿಷ್ಟಕ್ಕೆ ಟೈಮಿಂಗ್ ಕುಣಿಸುತ್ತೆ, ನೀವು ಓದಿದ್ದಕ್ಕೆ ಅರ್ಥವಿರಲ್ಲ. ಲೈಟಿನ ಕ್ಲಿಪ್ ಒಂದನೇ ವೈರಿಗೆ, ಐಡಲ್ 850, ಕ್ರ್ಯಾಂಕ್ ಪುಲ್ಲಿಯ ಗುರುತು 10 ಡಿಗ್ರಿಗೆ ಸರಿಯಾಗಿ ನಿಲ್ಲಬೇಕು. ತಪ್ಪಿದ್ದರೆ 12ರ ಬೋಲ್ಟ್ ಸಡಿಲಿಸಿ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ.

ಲೈಟಲ್ಲಿ ಅಡ್ವಾನ್ಸ್ ಡಯಲ್ ಇದ್ದರೆ ಸೊನ್ನೆಗೆ ಇಟ್ಟುಬಿಡಿ. ಈ ಕಾಯಿಲ್ ಎರಡು ಸುತ್ತಿಗೊಂದರ ಬದಲು ಪ್ರತಿ ಸುತ್ತಿಗೂ ಕಿಡಿ ಕೊಡೋದರಿಂದ ಲೈಟಿನ ಪರದೆ ಆರ್‌ಪಿಎಂ 1700 ಅಂತ ತೋರಿಸಬಹುದು, ಗಾಬರಿ ಬೇಡ.