ಟಿವಿಯಲ್ಲಿ ಚಿತ್ರ ಉಂಟು, ಸ್ವರ ಮಾತ್ರ ಲ್ಯಾಪ್‌ಟಾಪಿನಲ್ಲೇ

ಅಘನಾಶಿನಿ ದಂಡೆ:
ಕುಮಟಾ ಹತ್ತಿರದ ನಮ್ಮೂರ ಭವನದಲ್ಲಿ ಬಡಗುತಿಟ್ಟಿನ ಯಕ್ಷಗಾನದ ಹಳೆಯ ರೆಕಾರ್ಡಿಂಗ್ ತೋರಿಸಬೇಕಾಗಿದೆ. ವಿಂಡೋಸ್ 11 ಲ್ಯಾಪ್‌ಟಾಪ್, 43 ಇಂಚಿನ ಟಿವಿ, ನಡುವೆ ಎಚ್‌ಡಿಎಂಐ ಕೇಬಲ್. ಚಿತ್ರ ಟಿವಿಗೆ ಹೋಗ್ತದೆ, ಸ್ವರ ಲ್ಯಾಪ್‌ಟಾಪಿನಲ್ಲೇ ಉಳೀತದೆ. ಪರದೆಯ ನಾಲ್ಕೂ ಅಂಚು ಕತ್ತರಿಸಿದ ಹಾಗಿದೆ, ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣೋದಿಲ್ಲ. ಹೆಡ್‌ಫೋನ್ ಜಾಕಿನಿಂದ ಭವನದ ಆಂಪ್ಲಿಫೈಯರಿಗೆ ವೈರ್ ಕೊಟ್ಟರೆ ಚಂಡೆ ಎಲ್ಲೋ ದೂರದಲ್ಲಿ ಕೇಳ್ತದೆ, ಭಾಗವತರ ಪದ್ಯವೇ ಇಲ್ಲ! ಮೇಲಿಂದ ಗುಂಯ್ ಅನ್ನುವ ಸದ್ದು. ಅದೇ ಜಾಕಿಗೆ ಇಯರ್‌ಫೋನ್ ಹಾಕಿದರೆ ಎಲ್ಲ ಸರಿ ಕೇಳ್ತದೆ. ಎಲ್ಲಿಂದ ಶುರು ಮಾಡಲಿ?

ಕಾಳಿ ಸೇತುವೆ:
ಎಚ್‌ಡಿಎಂಐ ಕೇಬಲ್ ಚಿತ್ರ, ಸ್ವರ ಎರಡನ್ನೂ ಒಯ್ಯುತ್ತದೆ. ಆದರೆ ಸ್ವರ ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ವಿಂಡೋಸ್ ಬೇರೆಯೇ ನಿರ್ಧರಿಸುತ್ತದೆ. ಮೊದಲು ಟಿವಿ ಆನ್ ಮಾಡಿ, ರಿಮೋಟಿನಲ್ಲಿ ಸರಿಯಾದ ಎಚ್‌ಡಿಎಂಐ ಸೋರ್ಸ್ ಆರಿಸಿ, ಆಮೇಲೆ ಕೇಬಲ್ ಚುಚ್ಚಿ. ಬಲಗಡೆ ಕೆಳಗಿನ ಸ್ಪೀಕರ್ ಗುರುತು ಒತ್ತಿದರೆ ವಾಲ್ಯೂಮ್ ಗೆರೆಯ ಪಕ್ಕ ಸಣ್ಣ ಬಾಣ ಇರುತ್ತದೆ. ಅದನ್ನು ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರು ಆರಿಸಿ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಮುಗೀತದೆ.

ಟಿವಿ ಹೆಸರೇ ಇಲ್ಲದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಮೋರ್ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಹಾಕಿ. ಮಸುಕಾಗಿ ಕಂಡರೆ ಎನೇಬಲ್ ಮಾಡಿ. ಆಗಲೂ ಇಲ್ಲವೆಂದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಬೇಕು, ಎಚ್‌ಡಿಎಂಐ ಆಡಿಯೊ ಡ್ರೈವರ್ ಅದರ ಜೊತೆಗೇ ಬರುವಂಥದ್ದು. ಹಳೆಯ ಕೆಲವು ಟಿವಿಗಳಲ್ಲಿ ಒಂದು ಪೋರ್ಟಿನ ಮೇಲೆ 'ಡಿವಿಐ' ಎಂದೂ ಬರೆದಿರುತ್ತದೆ. ಅದು ಸ್ವರವನ್ನು ಬೇರೆ ಜಾಕಿನಿಂದ ಬಯಸಬಹುದು, ಆ ಪೋರ್ಟ್ ಬಿಟ್ಟು ಇನ್ನೊಂದಕ್ಕೆ ಹಾಕಿ.

ಅಂಚು ಕತ್ತರಿಸುವುದು ಓವರ್‌ಸ್ಕ್ಯಾನ್. ಲ್ಯಾಪ್‌ಟಾಪಿನಲ್ಲಿ ತಿದ್ದಲು ಹೋಗಬೇಡಿ, ಟಿವಿಯ ಪಿಕ್ಚರ್ ಸೈಜಿನಲ್ಲೇ ಸರಿಮಾಡಿ. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಸ್ಕ್ರೀನ್ ಫಿಟ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್' ಎನ್ನುತ್ತಾರೆ.

ಸೋಂದಾ ರಸ್ತೆ:
ಭಾಗವತರ ಪದ್ಯ ಮಾಯವಾಗುವುದಕ್ಕೆ ಖಚಿತ ಕಾರಣ ಉಂಟು. 3.5 ಮಿಲಿಮೀಟರ್ ಪಿನ್ನನ್ನು ಹತ್ತಿರದಿಂದ ನೋಡಿ. ಎರಡು ಕಪ್ಪು ಗೆರೆ, ಮೂರು ಭಾಗ. ತುದಿ ಎಡದ ಸ್ವರಕ್ಕೆ, ನಡುವಿನ ಉಂಗುರ ಬಲದ ಸ್ವರಕ್ಕೆ, ಬುಡದ ಭಾಗ ಎರಡಕ್ಕೂ ಸೇರಿದ ಗ್ರೌಂಡ್. ಈ ಬುಡದ ಸಂಪರ್ಕ ತಪ್ಪಿದರೆ ಎಡ, ಬಲಗಳ ನಡುವಿನ ವ್ಯತ್ಯಾಸವಷ್ಟೇ ಆಂಪ್ಲಿಫೈಯರಿಗೆ ಮುಟ್ಟುತ್ತದೆ. ಪದ್ಯ ಎರಡೂ ಕಡೆ ಸಮ ಇರುವುದರಿಂದ ಒಂದರಲ್ಲಿ ಒಂದು ಕಳೆದುಹೋಗುತ್ತದೆ. ಚಂಡೆ ಒಂದು ಬದಿಗೆ ವಾಲಿದ್ದಷ್ಟು, ಮತ್ತೆ ಸಭೆಯ ಪ್ರತಿಧ್ವನಿ, ಇವು ಮಾತ್ರ ಉಳೀತವೆ.

ಇಯರ್‌ಫೋನಿನಲ್ಲಿ ಸರಿ ಕೇಳ್ತದೆ ಅಂದಮೇಲೆ ಲ್ಯಾಪ್‌ಟಾಪಿನ ಜಾಕ್ ಚೆನ್ನಾಗಿದೆ. ತಪ್ಪು ವೈರಿನಲ್ಲಿ ಅಥವಾ ಆಂಪ್ಲಿಫೈಯರಿನ ಬದಿಯಲ್ಲಿ. ಪಿನ್ನನ್ನು ಮೆಲ್ಲಗೆ ತಿರುಗಿಸಿ. ಪದ್ಯ ಬಂದು ಹೋಗಿ ಮಾಡಿದರೆ ಅಲ್ಲೇ ಕಿಲುಬು. ಕಡಲ ಬದಿಯ ಉಪ್ಪುಗಾಳಿಗೆ ಬುಡದ ಲೋಹದ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಟ್ಟುತ್ತದೆ. ಆಂಪ್ಲಿಫೈಯರ್ ಆಫ್ ಮಾಡಿ, 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಮರಳು ಕಾಗದ ಖಂಡಿತ ಬೇಡ, ಲೇಪ ಕಿತ್ತು ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡೀತದೆ. ತೆಂಗಿನೆಣ್ಣೆಯೂ ಬೇಡ, ಧೂಳು ಅಂಟುತ್ತದೆ.

ಗ್ರೌಂಡ್ ಕೂಡಿದರೆ ಗುಂಯ್ ಸದ್ದೂ ನಿಲ್ಲಬಹುದು. ನಿಲ್ಲದಿದ್ದರೆ ಚಾರ್ಜರ್ ಕಿತ್ತು ನೋಡಿ. ಆಗ ಸದ್ದು ಹೋದರೆ ಅದು ಗ್ರೌಂಡ್ ಲೂಪ್, ಅಂದರೆ ಬೇರೆ ಬೇರೆ ಸಾಧನಗಳ ಗ್ರೌಂಡ್ ದಾರಿಗಳು ಸೇರಿ ಒಂದು ಸುತ್ತು ಆಗುವುದು. ಲ್ಯಾಪ್‌ಟಾಪ್, ಟಿವಿ, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆಗಲೂ ಉಳಿದರೆ ಆಡಿಯೊ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ ಅದು. ಡಿಶ್ ಕೇಬಲ್ ಕಿತ್ತರೂ ಸದ್ದು ಹೋಗುತ್ತದೆಯೇ ಅನ್ನುವುದನ್ನೂ ನೋಡಿಕೊಳ್ಳಿ. ಸದ್ದು ತಪ್ಪಿಸಲು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಅದು ಜೀವಕ್ಕೇ ಅಪಾಯ, ಯಾರು ಹೇಳಿದರೂ ಮಾಡಬೇಡಿ.

ಅಘನಾಶಿನಿ ದಂಡೆ:
ಪಿನ್ ತಿರುಗಿಸಿದ ಕೂಡಲೇ ಪದ್ಯ ಬಂತು! ಬುಡದಲ್ಲಿ ಹಸಿರು ಕಲೆ ಇತ್ತು, ಒರೆಸಿದ ಮೇಲೆ ಗುಂಯ್ ಸದ್ದೂ ಇಲ್ಲ. ಈಗ ಒಂದೇ ತೊಂದರೆ: ಟಿವಿಯಲ್ಲಿ ಹೆಜ್ಜೆ ಬೀಳುವ ಮೊದಲೇ ಚಂಡೆಯ ಪೆಟ್ಟು ಕೇಳ್ತದೆ. ಮತ್ತೆ ಲ್ಯಾಪ್‌ಟಾಪನ್ನು 12 ಮೀಟರ್ ಹಿಂದೆ ಇಡುವುದಾದರೆ ಯಾವ ಕೇಬಲ್?

ಕಾಳಿ ಸೇತುವೆ:
ಸ್ವರ ನೇರ ಆಂಪ್ಲಿಫೈಯರಿಗೆ ಹೋಗ್ತದೆ, ಚಿತ್ರ ಟಿವಿಯೊಳಗೆ ಸಂಸ್ಕರಣೆಯಾಗಿ ತಡವಾಗಿ ಬರ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ತಡ ಕಡಿಮೆಯಾಗುತ್ತದೆ. ಉಳಿದದ್ದನ್ನು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಸರಿದೂಗಿಸಿ: ಕೀಬೋರ್ಡಿನ 'ಕೆ' ಒತ್ತಿದಷ್ಟು ಸಲ ಸ್ವರ 50 ಮಿಲಿಸೆಕೆಂಡ್ ತಡವಾಗುತ್ತದೆ, 'ಜೆ' ಒತ್ತಿದರೆ ಅಷ್ಟೇ ಬೇಗ ಬರ್ತದೆ. ಗೆಜ್ಜೆಯ ಪಾದ ನೆಲಕ್ಕೆ ತಾಗುವ ದೃಶ್ಯ ಹಾಕಿಕೊಂಡು ಹೊಂದಿಸಿ, ಮಾತಿನ ದೃಶ್ಯದಲ್ಲಿ ಅಂದಾಜು ಸಿಗುವುದಿಲ್ಲ. ಇನ್ನೊಂದು ದಾರಿ, ಟಿವಿಯ ಹೆಡ್‌ಫೋನ್ ಜಾಕಿನಿಂದಲೇ ಆಂಪ್ಲಿಫೈಯರಿಗೆ ಕೊಡುವುದು. ಆಗ ಸ್ವರ, ಚಿತ್ರ ಹೆಚ್ಚುಕಮ್ಮಿ ಒಟ್ಟಿಗೇ ಬರ್ತವೆ.

12 ಮೀಟರಿಗೆ ಸಾಧಾರಣ ತಾಮ್ರದ ಕೇಬಲ್ ನಂಬಬೇಡಿ. ಉದ್ದ ಹೆಚ್ಚಿದ ಹಾಗೆ ಚಿತ್ರ ಮಿಣುಕುವುದು, ಒಮ್ಮೆಲೇ ಕಪ್ಪಾಗುವುದು ಉಂಟು. ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಸಿಗುತ್ತದೆ, ಅದಕ್ಕೆ ದಿಕ್ಕಿದೆ: 'ಸೋರ್ಸ್' ತುದಿ ಲ್ಯಾಪ್‌ಟಾಪಿಗೆ, 'ಡಿಸ್ಪ್ಲೇ' ತುದಿ ಟಿವಿಗೆ. ಉಲ್ಟಾ ಹಾಕಿದರೆ ಏನೂ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಖರ್ಚೇ ಬೇಡ. ಲ್ಯಾಪ್‌ಟಾಪ್ ಟಿವಿ ಪಕ್ಕದಲ್ಲೇ ಇರಲಿ, ವೈರ್‌ಲೆಸ್ ಮೌಸ್ ಹಿಡಿದು ಅದು ಎಟಕುವಷ್ಟು ಹಿಂದೆ ಕೂರಿ. ಲ್ಯಾಪ್‌ಟಾಪಿಗೆ ಚುಚ್ಚುವ ಮೌಸಿನ ರಿಸೀವರ್ ಜನರ ಕಾಲಿನ ಮಟ್ಟಕ್ಕಿಂತ ಮೇಲೆ ಇದ್ದರೆ ಒಳ್ಳೆಯದು.

ಸೋಂದಾ ರಸ್ತೆ:
ನಡುವೆ ಕರೆಂಟ್ ಹೋಗಿ ಬಂದರೆ ಟಿವಿ ಬೇರೆ ಸೋರ್ಸಿಗೆ ಹೋಗಿರಬಹುದು. ಸ್ವರವನ್ನು ಟಿವಿ ಮೂಲಕ ಕೊಟ್ಟಿದ್ದರೆ ಅದೂ ಲ್ಯಾಪ್‌ಟಾಪಿಗೆ ಮರಳಿರಬಹುದು, ಎರಡನ್ನೂ ನೋಡಿಕೊಳ್ಳಿ. ಗುಡುಗು ಶುರುವಾದರೆ ಟಿವಿಯ ಪ್ಲಗ್ ಕಿತ್ತರಷ್ಟೇ ಸಾಲದು. ಸಿಡಿಲಿನ ಹೊಡೆತ ಡಿಶ್ ಕೇಬಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಎಚ್‌ಡಿಎಂಐ ಹಿಡಿದು ಲ್ಯಾಪ್‌ಟಾಪಿಗೂ ಬರುತ್ತದೆ. ಮೊದಲು ಎಚ್‌ಡಿಎಂಐ ಮತ್ತು ಆಡಿಯೊ ವೈರ್ ಬಿಡಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿಡಿ. ಮಿಂಚು ತೀರಾ ಹತ್ತಿರ ಬಂದಿದ್ದರೆ ಯಾವ ವೈರನ್ನೂ ಮುಟ್ಟದೆ ದೂರ ನಿಲ್ಲಿ.